ಹಿಂದಿನ ಕೋಣೆಯ ವೈರ್‌ಮನ್

ಅಮ್ಮ ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡ ಮೇಲೆ ಮನೆಯ ಸಾಮಾನುಗಳೆಲ್ಲ ಜಾಗ ಬದಲಿಸಿದವು. ಮುಂದಿನ ಕೋಣೆಗೆ ಆಸ್ಪತ್ರೆಯಲ್ಲಿರುವಂಥ ಎತ್ತರದ ಮಂಚ ಬಂತು. ಮಂಚದ ಪಕ್ಕ ಔಷಧಿಯ ಮೇಜು, ಮೇಜಿನ ಪಕ್ಕ ಹಗಲು ಹೊತ್ತು ನೋಡಿಕೊಳ್ಳಲು ಬರುವ ಹೆಂಗಸಿನ ಕುರ್ಚಿ. ಮಗಳು ಮಲಗಲು ಉಳಿದದ್ದು ಹಿಂದಿನ ಕೋಣೆಯೊಂದೇ. ಅವಳಿಗೆ ಬುದ್ಧಿ ತಿಳಿದಾಗಿನಿಂದ ಅದಕ್ಕೆ ಬೀಗ. ಒಳಗೆ ಮುರಿದ ಕುರ್ಚಿ, ಒಂದು ಸ್ಟೂಲು, ಹಳೆಯ ಟ್ರಂಕು, ತಲೆಮಾರುಗಳ ಧೂಳು.

"ಅಲ್ಲಿ ಬೇಡ," ಅಂದಳು ಅಮ್ಮ. "ಅಲ್ಲಿ ಕರೆಂಟಿಲ್ಲ."

"ಮಲಗೋಕೆ ಕರೆಂಟ್ ಯಾಕಮ್ಮ? ಕಣ್ಣು ಮುಚ್ಚಿದ್ರೆ ಎಲ್ಲಾ ಕೋಣೇನೂ ಒಂದೇ."

ಅಮ್ಮ ಗೋಡೆಯ ಕಡೆ ಮುಖ ತಿರುಗಿಸಿದಳು. ಅವಳು ಯಾವುದಾದರೂ ಮಾತನ್ನು ಮುಗಿಸುತ್ತಿದ್ದದ್ದು ಹಾಗೆಯೇ. ಮಗಳಿಗೂ ವಾದ ಮಾಡುವ ತ್ರಾಣ ಇರಲಿಲ್ಲ. ನಲವತ್ತು ದಾಟಿದ ಮೇಲೆ ಅವಳ ದಣಿವು ರಾತ್ರಿಯ ನಿದ್ದೆಯಿಂದ ತೀರುವುದನ್ನೇ ಬಿಟ್ಟಿತ್ತು. ಅವಳು ಕಟ್ಟುಹಲ್ಲು ಮಾಡುವ ಲ್ಯಾಬಿನಲ್ಲಿ ಕೆಲಸ ಮಾಡುತ್ತಿದ್ದಳು. ಬೆಳಗಿನಿಂದ ಸಂಜೆಯವರೆಗೆ ಪ್ಲಾಸ್ಟರಿನ ಅಚ್ಚು ಹಿಡಿದು, ಮೇಣ ಕರಗಿಸಿ, ಗುಲಾಬಿ ವಸಡಿನಲ್ಲಿ ಒಂದೊಂದೇ ಹಲ್ಲು ಕೂರಿಸಿ, ಚಕ್ರಕ್ಕೆ ಹಿಡಿದು ನಯ ಮಾಡುವುದು. ಲ್ಯಾಬಿನವರು ಅವಳನ್ನು ಹಲ್ಲಕ್ಕ ಅನ್ನುತ್ತಿದ್ದರು. ಊರಿನ ಅರ್ಧ ಮುದುಕರು ತನ್ನ ಕೈಯಿಂದಲೇ ನಗುತ್ತಾರೆ, ನಗುವುದಕ್ಕೆ ತನಗೇ ಪುರಸೊತ್ತಿಲ್ಲ ಎಂದು ಅವಳು ಹಾಸ್ಯ ಮಾಡುವುದಿತ್ತು. ಮದುವೆಯ ಮಾತು ಎರಡು ಸಲ ಎದ್ದು, ಎರಡು ಸಲವೂ ತಾನಾಗಿ ತಣ್ಣಗಾಗಿತ್ತು. ಆಮೇಲೆ ಯಾರೂ ಅದನ್ನು ಎತ್ತಲಿಲ್ಲ.

ಕೋಣೆ ಗುಡಿಸಿ ಹಾಸಿಗೆ ಹಾಸಿಕೊಂಡ ಮೊದಲ ವಾರದಲ್ಲೇ, ಒಂದು ಸಂಜೆ ಕೆಲಸದಿಂದ ಬಂದು ನೋಡಿದರೆ ಕೋಣೆಯಲ್ಲಿ ಒಬ್ಬ ಸ್ಟೂಲಿನ ಮೇಲೆ ನಿಂತಿದ್ದ. ತೋಳು ಮಡಿಚಿದ ಅಂಗಿ, ಕಿವಿಯ ಹಿಂದೆ ಪೆನ್ಸಿಲ್ಲು. ಅಟ್ಟದ ಹಲಗೆಯ ಸಂದಿನಿಂದ ಇಳಿಬಿದ್ದ ಹಳೆಯ ವೈರುಗಳನ್ನು ಹಿಡಿದುಕೊಂಡಿದ್ದ. ನೋಡಿಕೊಳ್ಳುವ ಹೆಂಗಸು ಕರೆಂಟು ಸರಿ ಮಾಡಲು ಯಾರನ್ನೋ ಕರೆಸಿದ್ದಾಳೆ ಅಂದುಕೊಂಡು ಅವಳು ಚಪ್ಪಲಿ ಬಿಟ್ಟಳು.

"ಇವತ್ತು ಮುಗಿಯತ್ತಾ?"

"ಇನ್ನೊಂದು ಜಾಯಿಂಟ್ ಇದೆ, ಮೇಡಂ."

"ಮುಗಿಸ್ಕೊಳ್ಳಿ," ಅಂದು ಅವಳು ಗೋಡೆಗೆ ಒರಗಿದವಳು ಹಾಗೇ ನಿದ್ದೆ ಹೋದಳು.

ಮರುದಿನ ಕೇಳಿದರೆ ಆ ಹೆಂಗಸು ಯಾರನ್ನೂ ಕರೆಸಿರಲಿಲ್ಲ. "ಕನಸಿರಬೇಕು ಅಕ್ಕ. ನೀವು ನಿಂತಲ್ಲೇ ನಿದ್ದೆ ಮಾಡ್ತೀರಿ," ಅಂದಳು.

ಆದರೆ ಮುಂದಿನ ಸಂಜೆ ಅವನು ಮತ್ತೆ ಇದ್ದ. ಕಿಟಕಿಯ ಬೆಳಕು ಕಂದುತ್ತಾ ಬರುತ್ತಿತ್ತು. ಅವನ ಅಂಗಿಯ ಆಚೆ ಕಿಟಕಿಯ ಸರಳುಗಳು ಒಂದು, ಎರಡು, ಮೂರು ಎಂದು ಎಣಿಸುವಷ್ಟು ಸ್ಪಷ್ಟವಾಗಿ ಕಾಣುತ್ತಿದ್ದವು. ಅವಳ ಎದೆ ಒಮ್ಮೆ ಧಸಕ್ ಅಂದಿತು, ಅಷ್ಟೇ. ಹೆದರುವುದಕ್ಕೂ ಸ್ವಲ್ಪ ಶಕ್ತಿ ಬೇಕು. ಅವಳು ಹಾಸಿಗೆಯ ಅಂಚಿನಲ್ಲಿ ಕುಳಿತು ಕಾಲು ಒತ್ತಿಕೊಳ್ಳುತ್ತಾ ಕೇಳಿದಳು.

"ನೀವು ಈಗ ಏನಾಗಿದೀರಿ ಅಂತ ನಿಮಗೆ ಗೊತ್ತಾ?"

ಅವನು ತನ್ನ ಕೈಗಳನ್ನು ತಿರುಗಿಸಿ ನೋಡಿಕೊಂಡ. "ಗೊತ್ತು. ಹೇಗಾಯ್ತು ಅಂತ ಗೊತ್ತಿಲ್ಲ. ಮೇಲೆ ಕೈ ಹಾಕಿದ್ದೆ. ಅದಾದ್ಮೇಲೆ ನೀವು ಬಂದು 'ಇವತ್ತು ಮುಗಿಯತ್ತಾ' ಅಂದ್ರಿ."

"ನಡುವೆ ಏನೂ ಇಲ್ವಾ?"

"ಏನೂ ಇಲ್ಲ." ಅವಳ ಕಡೆ ಬಗ್ಗಿ, "ನಿಮ್ಮ ಕೈ ಯಾಕೆ ಅಷ್ಟು ಬೆಳ್ಳಗಿದೆ?" ಅಂದ.

ಅವಳು ಪ್ಲಾಸ್ಟರಿನ ಪುಡಿ ಮೆತ್ತಿದ ತನ್ನ ಬೆರಳುಗಳನ್ನು ನೋಡಿದಳು. ಇಷ್ಟು ವರ್ಷದಲ್ಲಿ ಆ ಮಾತನ್ನು ಯಾರೂ ಕೇಳಿರಲಿಲ್ಲ. ಅವಳು ಹೇಳಲು ಶುರು ಮಾಡಿದಳು. ಅಚ್ಚು ತೆಗೆಯುವುದು ಹೇಗೆ, ಎರಡು ಬಾಯಿ ಯಾಕೆ ಎಂದೂ ಒಂದೇ ಥರ ಇರುವುದಿಲ್ಲ, ಹಲ್ಲು ತೀರಾ ಬೆಳ್ಳಗಿದ್ದರೆ ಯಾಕೆ ಸುಳ್ಳಾಗಿ ಕಾಣುತ್ತದೆ. ಅವನು ಸ್ಟೂಲಿನ ಮೇಲೆ ಕುಳಿತು ಕೇಳಿದ. ಕತ್ತಲು ಪೂರ್ತಿ ಕವಿದಾಗ ಮಾತಿನ ನಡುವೆಯೇ ಇಲ್ಲವಾದ.

ಆಮೇಲೆ ಅದು ರೂಢಿಯಾಯಿತು. ಹಗಲು ಆರಿ ದೀಪ ಹತ್ತುವ ನಡುವಿನ ಆ ಚೂರು ಹೊತ್ತು ಮಾತ್ರ ಅವನು ಇರುತ್ತಿದ್ದ. ಅವಳು ಲ್ಯಾಬಿನಿಂದ ಹೊರಡುವುದನ್ನು ಬೇಗ ಮಾಡಿಕೊಂಡಳು. ಅಮ್ಮನಿಗೆ ಮಗ್ಗುಲು ಬದಲಿಸಿ, ಸೂಪು ಕುಡಿಸಿ, ಬಾಯಿ ಒರೆಸಿ, ಓಣಿಯ ಕೊನೆಯ ಮನೆಯ ಗೋಡೆಯಿಂದ ಬಿಸಿಲು ಇಳಿಯುವಷ್ಟರಲ್ಲಿ ಹಿಂದಿನ ಕೋಣೆ ಸೇರುತ್ತಿದ್ದಳು. ಒಳಗೆ ಹೋಗುವ ಮುಂಚೆ ತಲೆ ಬಾಚಿಕೊಳ್ಳುವುದು ಯಾವಾಗ ಶುರುವಾಯಿತೋ ಅವಳಿಗೇ ತಿಳಿಯಲಿಲ್ಲ. ನೋಡಿಕೊಳ್ಳುವ ಹೆಂಗಸು ಒಂದು ದಿನ, "ಏನಕ್ಕ, ಮುಖಕ್ಕೆ ಕಳೆ ಬಂದಿದೆ!" ಅಂದಾಗ, ಇದ್ದಬದ್ದ ಕೋಪವನ್ನೆಲ್ಲ ಮುಖಕ್ಕೆ ತಂದುಕೊಂಡು ಅಡುಗೆಮನೆಗೆ ಹೋದಳು.

ಅವರು ದೊಡ್ಡ ಮಾತೇನೂ ಆಡಲಿಲ್ಲ. ಅವನು ಅನಾಥಾಲಯದಲ್ಲಿ ಬೆಳೆದವನು, ಹೇಳೋಕೆ ಕೇಳೋಕೆ ಯಾರೂ ಇಲ್ಲದವನು. ಮನೆ ಹೊಕ್ಕರೆ ಮೊದಲು ಗೋಡೆ ನೋಡುತ್ತಿದ್ದನಂತೆ, ಆಮೇಲೆ ಮನುಷ್ಯರನ್ನು. ಅವಳು ಲ್ಯಾಬಿನ ಯಜಮಾನರ ಗೊಣಗಾಟ ಹೇಳುತ್ತಿದ್ದಳು, ಅವನು ತನ್ನ ಕಂತ್ರಾಟುದಾರನ ಗೊಣಗಾಟ ಹೇಳುತ್ತಿದ್ದ. ಇಬ್ಬರೂ ನಗುತ್ತಿದ್ದರು. ಒಮ್ಮೆ ಅವಳು ಬೇಕೆಂದೇ ಅವನ ಕೈಯ ಹತ್ತಿರ ಕೈ ಒಯ್ದಳು. ತಾಕುವುದಕ್ಕೆ ಏನೂ ಇರಲಿಲ್ಲ. ಆದರೆ ಉಣ್ಣೆಯ ಸ್ವೆಟರು ಎಳೆದು ತೆಗೆದಾಗ ಆಗುವ ಹಾಗೆ ತೋಳಿನ ರೋಮವೆಲ್ಲ ಎದ್ದು ನಿಂತಿತು. ಅವನೂ ಕೈ ಹಿಂದೆ ತೆಗೆಯಲಿಲ್ಲ.

ಅವನಿಗಿಂತ ತಾನು ಹದಿನೈದು ವರ್ಷ ದೊಡ್ಡವಳು, ಇನ್ನೊಂದು ಲೆಕ್ಕದಲ್ಲಿ ಅವನೇ ತನಗಿಂತ ಎಷ್ಟೋ ದೊಡ್ಡವನು. ಹಾಸಿಗೆಯಲ್ಲಿ ಮಲಗಿ ಈ ಲೆಕ್ಕ ಹಾಕಿ ಅವಳು ಒಬ್ಬಳೇ ನಕ್ಕಳು. ಸತ್ತವನ ಮೇಲೆ ಮನಸ್ಸಾಗಿದೆ ಎಂದು ಯಾರ ಹತ್ತಿರ ಹೇಳಿಕೊಳ್ಳುವುದು?

ಒಂದು ಸಂಜೆ ಅವಳು ಕಿಟಕಿಯ ಕಡೆ ಮುಖ ಮಾಡಿ ಕುಳಿತಿದ್ದಾಗ ಅವನು ಇದ್ದಕ್ಕಿದ್ದಂತೆ ಅಂದ: "ಹೀಗೆ ಪಕ್ಕದಿಂದ ನೋಡಿದ್ರೆ ನೀವು ಗಿಣಿ ಥರಾನೇ ಇದೀರಿ."

"ಯಾವ ಗಿಣಿ?"

"ಈ ಮನೆ ಚಿಕ್ಕ ಹುಡುಗಿ. ಮಾತು ನಿಲ್ಸೋದೇ ಇಲ್ಲ ಅಂತ ಎಲ್ರೂ ಗಿಣಿ ಅಂತಾರೆ. ನರ್ಸ್ ಟ್ರೇನಿಂಗಿಗೆ ಹೋಗಿದಾಳೆ. ವಾಪಸ್ ಬಂದ್ಮೇಲೆ ಮದುವೆ ಅಂತ ಮಾತಾಡ್ಕೊಂಡಿದೀವಿ. ಅಕ್ಕಾವ್ರಿಗೆ ಒಬ್ರಿಗೇ ಗೊತ್ತು." ಆಮೇಲೆ ಸಣ್ಣ ದನಿಯಲ್ಲಿ, "ಈಗ ಆಗೋ ಮಾತಲ್ಲ ಅಂತ ಗೊತ್ತು. ಆದ್ರೂ ಅವಳು ಬಂದು ನೋಡಿದ್ಲಾ, ಅತ್ಲಾ, ಅಷ್ಟು ತಿಳಿದ್ರೆ ಸಾಕು," ಅಂದ.

ಗಿಣಿ ಅಂದರೆ ಚಿಕ್ಕಮ್ಮ. ಅಮ್ಮನ ಒಬ್ಬಳೇ ತಂಗಿ. ತಂದೆತಾಯಿ ಹೋದ ಮೇಲೆ ಅಮ್ಮನೇ ಸಾಕಿದ ತಂಗಿ. ಟ್ರೇನಿಂಗಿಗೆ ಹೋದ ಊರಿನಲ್ಲೇ ಕೆಲಸ ಹಿಡಿದು, ಅಲ್ಲೇ ಮದುವೆಯಾಗಿ, ಮತ್ತೆ ಈ ಹೊಸ್ತಿಲು ತುಳಿಯದವಳು. ಅಪ್ಪ ಸತ್ತಾಗ ಆಸ್ಪತ್ರೆಯ ಬಾಗಿಲವರೆಗೆ ಬಂದು, ಅಲ್ಲಿಂದಲೇ ಬಸ್ಸು ಹತ್ತಿದ್ದಳು. ಯಾಕೆ ಎಂದು ಕೇಳಿದಾಗಲೆಲ್ಲ ಅಮ್ಮ ಗೋಡೆಯ ಕಡೆ ಮುಖ ತಿರುಗಿಸಿದ್ದಳು.

ಅವತ್ತು ಅವಳು ನೇರವಾಗಿ ಮುಂದಿನ ಕೋಣೆಗೆ ಹೋಗಿ ಮಂಚದ ಆಚೆ ಬದಿಗೆ, ಗೋಡೆಗೂ ಮಂಚಕ್ಕೂ ನಡುವೆ ನಿಂತುಕೊಂಡಳು. ಈಗ ಅಮ್ಮನಿಗೆ ತಿರುಗಿಸಲು ಗೋಡೆ ಉಳಿದಿರಲಿಲ್ಲ.

"ಅಮ್ಮ, ಹಿಂದಿನ ಕೋಣೇಲಿ ಸತ್ತ ವೈರ್‌ಮನ್ ಯಾರು?"

ಅಮ್ಮನ ಕೈಯಲ್ಲಿದ್ದ ಟೀ ಲೋಟ ವಾಲಿತು. ಮಗಳು ಅದನ್ನು ತೆಗೆದಿಟ್ಟಳು. ಅಮ್ಮ ತುಂಬಾ ಹೊತ್ತು ಹೊದಿಕೆಯ ಅಂಚು ಮಡಿಸಿದಳು, ಬಿಡಿಸಿದಳು.

"ಅವನ ಚಪ್ಪಲಿ ಹಿತ್ತಲ ಬಾಗಿಲಲ್ಲಿತ್ತು," ಅಂದಳು ಕೊನೆಗೆ. "ನಾನು ಮುಂದಿನ ಬಾಗಿಲಿಂದ ಬಂದೆ. ಮನೆ ಎಲ್ಲಾ ಸದ್ದಿಲ್ಲ. ಊಟಕ್ಕೆ ಹೋಗಿದಾನೆ ಅಂದ್ಕೊಂಡೆ. ಸೆಕೆ ತಡೀಲಿಲ್ಲ. ಫ್ಯಾನ್ ಹಾಕ್ಕೊಳ್ಳೋಣ ಅಂತ, ಅವನು ಆರಿಸಿಟ್ಟಿದ್ದ ಮೇನ್ ಸ್ವಿಚ್ ಹಾಕಿದೆ."

ಅಷ್ಟೇ. ಅದಕ್ಕಿಂತ ಹೆಚ್ಚು ಏನೂ ಆಗಿರಲಿಲ್ಲ. ಕಂತ್ರಾಟುದಾರ ಬಂದು ಎಲ್ಲ ಮುಗಿಸಿದ. ಕೆಲಸದಲ್ಲಿ ಹುಷಾರಿರಬೇಕಿತ್ತು ಎಂದು ಓಣಿಯವರು ಎರಡು ದಿನ ಮಾತಾಡಿ ಸುಮ್ಮನಾದರು. ಮೇನ್ ಯಾರು ಹಾಕಿದ್ದು ಎಂದು ಯಾರೂ ಕೇಳಲಿಲ್ಲ.

"ಚಿಕ್ಕಮ್ಮನಿಗೆ ಏನು ಹೇಳ್ದೆ?"

"ಹಾಸ್ಟೆಲಿಗೆ ಹೋಗಿದ್ದೆ ಹೇಳೋಕೆ ಅಂತಾನೇ. ಎದುರಿಗೆ ಬಂದು ನಿಂತ್ಲು, ಬಿಳೀ ಬಟ್ಟೇಲಿ, ನಗ್ತಾ. ಸತ್ತ ಅಂದ್ರೆ ಹೇಗೆ ಅಂತ ಕೇಳ್ತಾಳೆ. ಹೇಗೆ ಅಂತ ನಾನು ಹೇಳ್ಬೇಕಾಗತ್ತೆ." ಅಮ್ಮ ಉಸಿರು ತೆಗೆದುಕೊಂಡಳು. "ಬೇರೆ ಊರಲ್ಲಿ ಮದುವೆ ಆಗ್ಬಿಟ್ಟ, ನಿನ್ನ ಮರೆತ ಅಂತ ಅಂದ್ಬಿಟ್ಟೆ. ಬಾಯಿಗೆ ಅದೇ ಬಂತು. ಒಂದು ಸಲ ಬಂದ ಮಾತನ್ನ ಆಮೇಲೆ ಹೇಗೆ ಅಂತ ನುಂಗ್ಲಿ?"

"ಇಷ್ಟು ವರ್ಷ ಅಮ್ಮ!"

"ಒಂದೊಂದು ವರ್ಷಾನೂ 'ಮುಂದಿನ ವರ್ಷ ಹೇಳ್ತೀನಿ' ಅಂದ್ಕೊಂಡೆ ಕಣೇ."

ಅಮ್ಮ ಅಳಲಿಲ್ಲ. ಅಳುವ ಕಾಲ ಎಂದೋ ಕಳೆದುಹೋಗಿ, ಬರೀ ಸುಸ್ತು ಉಳಿದ ಮುಖ ಅದು. ಮಗಳು ಆ ಮುಖವನ್ನು ಬೆಳಿಗ್ಗೆ ಕನ್ನಡಿಯಲ್ಲೂ ನೋಡಿದ್ದಳು.

ಚಿಕ್ಕಮ್ಮನಿಗೆ ಆ ಕ್ಷಣವೇ ಫೋನ್ ಮಾಡಬೇಕಿತ್ತು. ಅವಳು ಮಾಡಲಿಲ್ಲ. ನಾಳೆ ಅಂದಳು, ಭಾನುವಾರ ಅಂದಳು. ಹೇಳಿಬಿಟ್ಟರೆ ಚಿಕ್ಕಮ್ಮ ಬರುತ್ತಾಳೆ. ಬಂದರೆ ಅವನು ಕಾಯುತ್ತಿರುವುದು ಮುಗಿಯುತ್ತದೆ. ಮುಗಿದರೆ ಸಂಜೆ ಬಂದು ಚಪ್ಪಲಿ ಬಿಡುವಾಗ ಆ ಸ್ಟೂಲಿನ ಮೇಲೆ ಯಾರೂ ಇರುವುದಿಲ್ಲ. ಅವಳ ಪಾಲಿಗೆ ಇಡೀ ದಿನದಲ್ಲಿ ಇದ್ದದ್ದು ಅದೊಂದೇ.

ಆ ವಾರಗಳಲ್ಲಿ ಒಮ್ಮೆ ಅವಳು ಕೇಳಿಯೂ ಬಿಟ್ಟಳು. "ಗಿಣಿ ಇಲ್ದೇ ಇದ್ದಿದ್ರೆ... ನಾನು ಆಗ ಸಿಕ್ಕಿದ್ರೆ?"

"ನೀವು ಅಕ್ಕಾವ್ರ ಮಗಳು ಅಂತೀರಿ. ಆಗ ನೀವು ಹುಟ್ಟೇ ಇರ್ಲಿಲ್ವಲ್ಲ, ಮೇಡಂ," ಎಂದು ಅವನು ನಕ್ಕ. ಅವಳು ನಗದಿದ್ದುದನ್ನು ಕಂಡು ನಗು ನಿಲ್ಲಿಸಿದ. ಆಮೇಲೆ, "ನೀವು ಬರೋ ಹೊತ್ತಾದ್ರೆ ನನಗೆ ಗೊತ್ತಾಗತ್ತೆ. ಗೇಟಿನ ಸದ್ದಿಗೂ ಮುಂಚೆ. ಯಾಕೆ ಅಂತ ಕೇಳ್ಬೇಡಿ. ನನ್ನ ಹತ್ರ ಅದಕ್ಕೆ ನೇರವಾದ ಉತ್ತರ ಇಲ್ಲ," ಅಂದ.

ಆ ಮಾತನ್ನು ಅವಳು ಮರುದಿನವಿಡೀ ಲ್ಯಾಬಿನಲ್ಲಿ ಜೊತೆಗಿಟ್ಟುಕೊಂಡಿದ್ದಳು. ಒಂದು ದವಡೆಯ ಹಲ್ಲನ್ನು ಎಡಬಲ ಮಾಡಿ ಕೂರಿಸಿ ಯಜಮಾನರ ಕೈಲಿ ಬೈಸಿಕೊಂಡಳು.

ಅದೇ ಸಂಜೆ ಅವನು ಮೆಲ್ಲಗೆ ಕೇಳಿದ: "ಗಿಣಿ ಸುದ್ದಿ ಏನಾದ್ರೂ ತಿಳೀತಾ?"

"ಇಲ್ಲ," ಅಂದಳು ಅವಳು. ಅಂದವಳೇ ಗೋಡೆಯ ಕಡೆ ಮುಖ ತಿರುಗಿಸಿಕೊಂಡಳು.

ತಿರುಗಿಸಿಕೊಂಡದ್ದು ಆಮೇಲೆ ಅರಿವಾಯಿತು. ಇದು ಅಮ್ಮನ ಕುತ್ತಿಗೆ, ಅಮ್ಮನ ಗೋಡೆ. ಇನ್ನು ಮೂವತ್ತು ವರ್ಷ ಹೀಗೇ ಮುಂದಿನ ವರ್ಷ, ಮುಂದಿನ ವರ್ಷ ಅನ್ನುತ್ತಾ ಕೂರಬಹುದು. ಅವಳು ಎದ್ದು ಹೋಗಿ ಫೋನ್ ಮಾಡಿದಳು.

"ಚಿಕ್ಕಮ್ಮ, ವೈರ್‌ಮನ್ ಬೇರೆ ಮದುವೆ ಆಗಿರ್ಲಿಲ್ಲ."

ಆ ಕಡೆ ಟಿವಿಯ ಸದ್ದು ನಿಂತಿತು.

"ಅವರು ಆಗಲೇ ಹೋಗ್ಬಿಟ್ರು, ಚಿಕ್ಕಮ್ಮ. ನಮ್ಮನೇಲೇ. ಶಾಕ್ ಹೊಡೆದು. ಮೇನ್ ಹಾಕಿದ್ದು ಅಮ್ಮ. ಗೊತ್ತಿಲ್ದೇ."

"ನಾಳೆ ಬರ್ತೀನಿ," ಅಂದಳು ಚಿಕ್ಕಮ್ಮ.

ಬಂದಳು. ಎಪ್ಪತ್ತರ ಹತ್ತಿರದ ಹೆಂಗಸು, ಮೊಣಕಾಲು ನೋವಿಗೆ ಪಟ್ಟಿ, ಕೈಯಲ್ಲಿ ಒಂದೇ ಚೀಲ. ಅಕ್ಕನ ಕೋಣೆಯ ಬಾಗಿಲನ್ನು ದಾಟಿಕೊಂಡು ನೇರವಾಗಿ ಅಡುಗೆಮನೆಗೆ ಬಂದು ಕುಳಿತಳು. ಅಲ್ಲಿ ಅವಳಿಗೆ ಉಳಿದದ್ದನ್ನೂ, ಅವನು ಸಂಜೆ ಕಾಣುವುದನ್ನೂ ಹೇಳಬೇಕಾಯಿತು.

"ವಾರ್ಡಲ್ಲೇ ಆಯುಸ್ಸು ಕಳೆದಿದೀನಿ," ಅಂದಳು ಚಿಕ್ಕಮ್ಮ. "ಎಷ್ಟು ಜನರ ಕಣ್ಣು ಮುಚ್ಚಿದೀನೋ ಲೆಕ್ಕ ಇಲ್ಲ. ಒಬ್ರೂ ಎದ್ದು ಬಂದಿಲ್ಲ ಕಣಮ್ಮ."

"ಇವರು ಎದ್ದು ಬಂದಿಲ್ಲ ಚಿಕ್ಕಮ್ಮ. ಆ ಸ್ಟೂಲಿಂದ ಇಳಿದೇ ಇಲ್ಲ."

ಚಿಕ್ಕಮ್ಮ ಅವಳ ಮುಖವನ್ನು ರೋಗಿಯ ಮುಖ ನೋಡುವ ಹಾಗೆ ನೋಡಿದಳು. ಜ್ವರ ಇಲ್ಲ ಎಂದು ಖಾತ್ರಿಯಾದ ಮೇಲೆ ಟೀ ಕುಡಿದು ಸಂಜೆಗೆ ಕಾದಳು.

ಬೆಳಕು ಕಂದುವಾಗ ಇಬ್ಬರೂ ಹಿಂದಿನ ಕೋಣೆಗೆ ಹೋದರು. ಅವನು ಸ್ಟೂಲಿನ ಮೇಲಿದ್ದ. ಚಿಕ್ಕಮ್ಮ ಸುತ್ತ ನೋಡಿದಳು. ಅವಳಿಗೆ ಕಂಡದ್ದು ಹಾಸಿಗೆ, ಕಿಟಕಿ, ಇಳಿಬಿದ್ದ ವೈರು.

"ಎಲ್ಲಿದಾನೆ?"

"ಇಲ್ಲೇ. ನಿಮ್ಮ ಎದುರಿಗೇ."

ಅವನು ಎದ್ದು ನಿಂತ. "ಈ ಅಜ್ಜಿ ಯಾರು, ಮೇಡಂ?"

ಅವಳು ತುಟಿ ಕಚ್ಚಿದಳು.

"ಏನಂದ?" ಅಂದಳು ಚಿಕ್ಕಮ್ಮ. "ಏನೋ ಅಂದ ತಾನೇ? ನಿನ್ನ ಮುಖ ನೋಡಿದ್ರೆ ಗೊತ್ತಾಗತ್ತೆ. ಹೇಳು."

"ಈ ಅಜ್ಜಿ ಯಾರು ಅಂತಾರೆ."

ಚಿಕ್ಕಮ್ಮ ನಕ್ಕಳು. ಆ ನಗು ವಯಸ್ಸಾಗದೆ ಉಳಿದದ್ದು. ಮೊದಲು ಮೂಗಿನಲ್ಲಿ ಶುರುವಾಗಿ, ತಡೆಯಲು ಹೋಗಿ, ತಡೆಯಲಾಗದೆ ಗೊರ್ರೆಂದು ಹೊರಬರುವ ನಗು. ಸ್ಟೂಲಿನ ಪಕ್ಕ ನಿಂತವನ ಮುಖ ಬದಲಾಯಿತು.

"ಗಿಣಿ," ಅಂದ.

"ಗಿಣಿ ಅಂದ್ರು," ಎಂದು ಅವಳು ಚಿಕ್ಕಮ್ಮನಿಗೆ ಹೇಳಿದಳು.

"ಯಾರು ಬೇಕಾದ್ರೂ ಹೇಳ್ಬಹುದು ಅದನ್ನ. ಬೇರೆ ಏನಾದ್ರೂ ಹೇಳೋಕೆ ಹೇಳು."

ಅವನು ಅವಸರದಲ್ಲಿ ಅಂದ, ಅವಳು ಹಾಗೇ ದಾಟಿಸಿದಳು: "ನರ್ಸ್ ಟೋಪಿ ಹಾಕ್ಕೊಂಡ್ರೆ ಜುಟ್ಟಿನ ಕೋಳಿ ಥರ ಕಾಣ್ತೀಯ ಅಂದಿದ್ದಕ್ಕೆ, ಬಸ್ ಸ್ಟ್ಯಾಂಡಲ್ಲಿ ಎಲ್ರ ಎದುರಿಗೂ ಚಪ್ಪಲಿ ತೆಗೆದು ಎಸೆದ್ರಂತೆ. ಅದು ಹೋಗಿ ಕಂಡಕ್ಟರಿಗೆ ಬಿತ್ತಂತೆ."

ಚಿಕ್ಕಮ್ಮ ಹಾಸಿಗೆಯ ಮೇಲೆ ಕುಳಿತುಬಿಟ್ಟಳು. ಪಟ್ಟಿ ಕಟ್ಟಿದ ಮೊಣಕಾಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಗಾಳಿಯ ಕಡೆ ನೋಡುತ್ತಾ ಬೈಯಲು ಶುರು ಮಾಡಿದಳು. "ಮದುವೆ ಆಗಿ ಎಲ್ಲೋ ಸುಖವಾಗಿದೀಯ ಅಂತ ನಿನ್ನ ಎಷ್ಟು ಶಪಿಸಿದೀನಿ ಗೊತ್ತಾ? ನಿನ್ನ ಹೆಂಡ್ತಿಗೆ ಸೊಟ್ಟ ಮೂಗು ಅಂತ ನಾನೇ ನಿರ್ಧಾರ ಮಾಡಿದ್ದೆ. ನೀನು ಓಡಾಡಿದ ಮನೆ ಅಂತ ಈ ಹೊಸ್ತಿಲೂ ತುಳೀಲಿಲ್ಲ. ಆ ಇಲ್ಲದ ಹೆಂಡ್ತಿ ಜೊತೆ ಎಷ್ಟು ವರ್ಷ ಜಗಳ ಆಡಿದೀನಿ..." ಮಾತು ಮುಗಿಯಲಿಲ್ಲ. ಅವಳು ಅತ್ತಳು. ನಿಧಾನವಾಗಿ, ದೊಡ್ಡ ಸದ್ದಿಲ್ಲದೆ.

ಅವನು ಅವಳ ಎದುರು ನೆಲದ ಮೇಲೆ ಕುಳಿತ. "ಆಮೇಲೆ ಮದುವೆ ಆದ್ಯಾ?" ಎಂದು ಅವನು ಕೇಳಿದ್ದನ್ನು ಮಗಳು ದಾಟಿಸಿದಳು.

"ಆದೆ. ಔಷಧಿ ಅಂಗಡಿಯವ್ರು. ಒಳ್ಳೆಯವ್ರು, ಪಾಪ. ಗೊರಕೆ ಒಂದು ಬಿಟ್ರೆ ಯಾರಿಗೂ ತೊಂದ್ರೆ ಕೊಡ್ಲಿಲ್ಲ. ಇಬ್ರು ಹೆಣ್ಣುಮಕ್ಳು. ಅವರು ಹೋಗಿ ನಾಲ್ಕು ವರ್ಷ ಆಯ್ತು."

ಅವನು ತಲೆ ಆಡಿಸಿದ. ಎಷ್ಟೋ ಹೊತ್ತಿನಿಂದ ಎತ್ತಿ ಹಿಡಿದ ಕೈಯನ್ನು ಯಾರೋ ಇಳಿಸು ಅಂದ ಹಾಗೆ ಅವನ ಹೆಗಲು ಸಡಿಲವಾಯಿತು. ಮೇನ್ ಹಾಕಿದ್ದು ಯಾರು ಎಂದು ಮಗಳು ಅವನಿಗೆ ಹೇಳಿದಳು. ಅಕ್ಕಾವ್ರ ಮೇಲೆ ತನಗೆ ಸಿಟ್ಟಿಲ್ಲ, ಫ್ಯೂಸ್ ಕಿತ್ತು ಜೇಬಿಗೆ ಹಾಕಿಕೊಂಡು ಹತ್ತಬೇಕಿತ್ತು, ಸೋಮಾರಿತನ ತನ್ನದೇ ಎಂದು ಗಿಣಿಗೆ ತಿಳಿಸಲು ಹೇಳಿದ. ಹೇಳಿದಳು. ಚಿಕ್ಕಮ್ಮ ಮೂಗು ಒರೆಸಿಕೊಂಡು, "ಈಗ ಅಕ್ಕನ್ನ ನೋಡ್ತೀನಿ," ಎಂದು ಗೋಡೆ ಹಿಡಿದು ಎದ್ದು ಹೊರಗೆ ಹೋದಳು.

ಕೋಣೆಯಲ್ಲಿ ಅವರಿಬ್ಬರೇ ಉಳಿದರು. ಕಿಟಕಿಯಲ್ಲಿ ಇನ್ನು ಸ್ವಲ್ಪವೇ ಬೆಳಕಿತ್ತು.

"ಮೇಡಂ, ನಾನು ಹೋಗ್ತೀನಿ."

"ಹೋಗ್ತೀನಿ ಅನ್ಬಾರ್ದು. ಹೋಗಿಬರ್ತೀನಿ ಅನ್ನಿ."

"ಅದು ಸುಳ್ಳಾಗತ್ತೆ."

"ಆಗ್ಲಿ. ಈ ಮನೇಲಿ ಅಷ್ಟು ಸುಳ್ಳು ಇತ್ತಲ್ಲ. ನನ್ನ ಪಾಲಿಗೂ ಒಂದಿರ್ಲಿ."

ಅವನು ಹತ್ತಿರ ಬಂದ. ಅವಳ ಎರಡೂ ತೋಳಿನ ರೋಮ, ಕುತ್ತಿಗೆಯ ಹಿಂದಿನ ಕೂದಲು ಎಲ್ಲ ಎದ್ದು ನಿಂತಿತು. ಹಾಗೇ ಇತ್ತು, ಸ್ವಲ್ಪ ಹೊತ್ತು.

"ಹೋಗಿಬರ್ತೀನಿ," ಅಂದ.

ಅವಳು ಕಣ್ಣು ಮುಚ್ಚಿಕೊಂಡೇ ಇದ್ದಳು. ಕೂದಲು ಮೆಲ್ಲಗೆ ಮತ್ತೆ ಮಲಗಿದ್ದು ತಿಳಿಯಿತು. ಆಮೇಲೆಯೂ ಕಣ್ಣು ತೆರೆಯಲು ತುಂಬಾ ಹೊತ್ತು ಹಿಡಿಯಿತು.

ಮುಂದಿನ ಕೋಣೆಯಲ್ಲಿ ಅಕ್ಕತಂಗಿಯರ ಮಾತು ನಡೆದಿತ್ತು. "ಮೇನ್ ಹಾಕಿದ್ದು ನಿನಗೆ ಗೊತ್ತಿಲ್ದೇ ಆಗಿದ್ದು," ಅನ್ನುತ್ತಿದ್ದಳು ಚಿಕ್ಕಮ್ಮ. "ಅದನ್ನ ನಾನು ಮನಸ್ಸಲ್ಲಿ ಇಟ್ಕೊಳ್ಳಲ್ಲ. ಮದುವೆ ಆದ ಅಂದಿದ್ದು ಗೊತ್ತಿದ್ದೇ ಅಂದಿದ್ದು ಅಕ್ಕ. ಅದು ಹೋಗತ್ತೋ ಇಲ್ವೋ, ನನಗೆ ಗೊತ್ತಿಲ್ಲ."

"ಹ್ಞೂಂ," ಅಂದಳು ಅಮ್ಮ.

"ಕಾಲಿನ ಉಗುರು ನೋಡು, ಹೇಗೆ ಬೆಳೆದಿದೆ. ಯಾರೂ ಕತ್ತರಿಸಲ್ವಾ? ಕಾಲು ಈ ಕಡೆ ಕೊಡು."

ಚಿಕ್ಕಮ್ಮ ಒಂದು ದಿನಕ್ಕೆಂದು ಬಂದವಳು ಉಳಿದಳು. ಅಕ್ಕನ ಜೊತೆ ದಿನಕ್ಕೆ ಹತ್ತು ಮಾತು ಆಡುತ್ತಿದ್ದಳು, ಅದರಲ್ಲಿ ಎಂಟು ಬೈಗುಳ. ಆದರೆ ಮಗ್ಗುಲು ಬದಲಿಸುವುದು, ಬೆನ್ನು ಒರೆಸುವುದು, ಮಾತ್ರೆ ಕೊಡುವುದು ಎಲ್ಲ ತನ್ನ ಕೈಗೆ ತೆಗೆದುಕೊಂಡಳು. ಅಮ್ಮ ಬೈಸಿಕೊಂಡು ಸುಮ್ಮನಿರುತ್ತಿದ್ದಳು. ಅವಳ ನಿದ್ದೆ ಮಾತ್ರ ಗಾಢವಾಗಿತ್ತು.

ಸಂಜೆಗಳು ಬಂದವು, ಹೋದವು. ಹಿಂದಿನ ಕೋಣೆಯಲ್ಲಿ ಸ್ಟೂಲು ಬರೀ ಸ್ಟೂಲಾಗಿತ್ತು. ಆದರೂ ಅವಳು ಲ್ಯಾಬಿನಿಂದ ಬೇಗ ಹೊರಡುವುದನ್ನು ಬಿಡಲಿಲ್ಲ. ಬಂದು ಹಾಸಿಗೆಯ ಅಂಚಿನಲ್ಲಿ ಕುಳಿತು, ಕತ್ತಲಾಗುವವರೆಗೂ ಕುಳಿತೇ ಇರುತ್ತಿದ್ದಳು. ನಾಲ್ಕನೆಯದೋ ಐದನೆಯದೋ ದಿನ ಚಿಕ್ಕಮ್ಮ ಎರಡು ಲೋಟ ಟೀ ತಂದು ಪಕ್ಕದಲ್ಲಿ ಕುಳಿತಳು.

"ಅವನು ಈಗಲೂ ಹಾಗೇ ಇದ್ನಾ? ಕಿವಿ ಹಿಂದೆ ಪೆನ್ಸಿಲ್ಲು?"

"ಹಾಗೇ."

"ಕತ್ತಿನ ಹತ್ರ ಒಂದು ಮಚ್ಚೆ?"

"ಎಡಗಡೆ."

ಚಿಕ್ಕಮ್ಮ ಟೀ ಗುಟುಕರಿಸಿದಳು. ಹೊರಗೆ ಯಾರೋ ಸೈಕಲ್ಲಿನ ಬೆಲ್ ಹೊಡೆದುಕೊಂಡು ಹೋದರು.

"ನಿನಗೂ ಅವನ ಮೇಲೆ ಮನಸ್ಸಾಗಿತ್ತು ಅಲ್ವೇನೇ?"

ಇಲ್ಲ ಅನ್ನುವುದು ಸುಲಭವಿತ್ತು. "ಹೌದು ಚಿಕ್ಕಮ್ಮ," ಅಂದಳು.

"ನಾನು ಬಂದ್ರೆ ಅವನು ಹೋಗ್ತಾನೆ ಅಂತ ಗೊತ್ತಿದ್ದೂ ನನಗೆ ಫೋನ್ ಮಾಡಿದ್ಯಲ್ಲ."

"ತಡವಾಗಿ ಮಾಡ್ದೆ."

"ಮಾಡಿದೆ ತಾನೇ," ಅಂದಳು ಚಿಕ್ಕಮ್ಮ. ಲೋಟ ಕೆಳಗಿಟ್ಟು ಅವಳ ಪುಡಿ ಮೆತ್ತಿದ ಕೈಯನ್ನು ತನ್ನ ತೊಡೆಯ ಮೇಲೆ ಎಳೆದುಕೊಂಡಳು. ನರ್ಸಿನ ಗಟ್ಟಿ ಕೈ, ಬೆಚ್ಚಗಿತ್ತು. "ಅಳೋದಿದ್ರೆ ಅಳು. ಈ ಮನೇಲಿ ಯಾರೂ ಸರಿಯಾದ ಹೊತ್ತಲ್ಲಿ ಅತ್ತಿಲ್ಲ."

ಅವಳು ಚಿಕ್ಕಮ್ಮನ ಹೆಗಲಿಗೆ ಒರಗಿದಳು. ಅಳು ಬರುವಷ್ಟರಲ್ಲೇ ನಿದ್ದೆ ಬಂದುಬಿಟ್ಟಿತು. ಚಿಕ್ಕಮ್ಮ ಮೊಣಕಾಲು ನೋಯುತ್ತಿದ್ದರೂ ಅಲುಗಾಡದೆ ಕುಳಿತಳು. ಬೆಳಿಗ್ಗೆ ಲ್ಯಾಬಿಗೆ ತಾನೇ ಫೋನ್ ಮಾಡಿ, ಹುಡುಗಿ ಎರಡು ದಿನ ಬರುವುದಿಲ್ಲ, ಮನೆಯಲ್ಲಿ ಒಬ್ಬರು ತೀರಿಕೊಂಡಿದ್ದಾರೆ ಎಂದು ತಿಳಿಸಿದಳು.